ದೃಷ್ಟಿದೋಷವುಳ್ಳ ಮಕ್ಕಳಿಗೆ ಕಲಿಸಲು ವಿಶೇಷ ಬಿ.ಎಡ್., ಎಂ.ಎಡ್.: ಪದೇ ಪದೇ ಕೇಳುವ ಪ್ರಶ್ನೆಗಳು

ಅಂಧ ಮಕ್ಕಳಿಗೆ ಪಾಠ ಮಾಡಬೇಕು ಅಂದರೆ ಯಾವ ಕೋರ್ಸ್ ಓದಬೇಕು?

ಪದವಿ ಮುಗಿದವರಿಗೆ ದಾರಿ ಎರಡು ಹಂತದ್ದು. ಮೊದಲನೆಯದು ವಿಶೇಷ ಶಿಕ್ಷಣದ ಬಿ.ಎಡ್. ಅದರಲ್ಲಿ ದೃಷ್ಟಿದೋಷ ವಿಭಾಗವನ್ನೇ ಆರಿಸಿಕೊಳ್ಳಬೇಕು. ಅದಾದ ಮೇಲೆ ಅದೇ ವಿಭಾಗದಲ್ಲಿ ಎಂ.ಎಡ್. ಶಾಲೆಯಲ್ಲಿ ಕಲಿಸುವುದಕ್ಕೆ ಬಿ.ಎಡ್. ಸಾಕು. ಶಿಕ್ಷಕರನ್ನು ತಯಾರು ಮಾಡುವ ಕಾಲೇಜಿನಲ್ಲಿ ಬೋಧಕರಾಗಲು, ಪಿಎಚ್.ಡಿ. ಮಾಡಲು, ಪಠ್ಯಕ್ರಮದ ಕೆಲಸಕ್ಕೆ ಇಳಿಯಲು ಎಂ.ಎಡ್. ಬೇಕು.

ಇಲ್ಲಿ ಆಗುವ ದೊಡ್ಡ ತಪ್ಪು ಒಂದಿದೆ. "ವಿಶೇಷ ಬಿ.ಎಡ್." ಅಂದರೆ ಎಲ್ಲ ಒಂದೇ ಅಂದುಕೊಂಡು, ಊರಿಗೆ ಹತ್ತಿರ ಇದೆ ಅಂತ ಶ್ರವಣದೋಷದ ಅಥವಾ ಬೌದ್ಧಿಕ ಅಸಾಮರ್ಥ್ಯದ ವಿಭಾಗಕ್ಕೆ ಸೇರಿಬಿಡುತ್ತಾರೆ. ಅಲ್ಲಿ ಬ್ರೈಲ್ ಇರುವುದಿಲ್ಲ, ಬಿಳಿಕೋಲಿನ ತರಬೇತಿಯೂ ಇರುವುದಿಲ್ಲ. ಪದವಿ ಕೈಗೆ ಬಂದ ಮೇಲೆ ವಿಭಾಗ ಬದಲಿಸಲು ಬರುವುದಿಲ್ಲ. ಅರ್ಜಿಯ ಮೇಲೆ, ಆಮೇಲೆ ಅಂಕಪಟ್ಟಿಯ ಮೇಲೆ, ವಿಭಾಗದ ಹೆಸರು ಏನಿದೆ ಎಂದು ಓದಿಕೊಳ್ಳಿ.

ನನ್ನದು ಮಾಮೂಲಿ ಬಿ.ಎಡ್. ನೇರವಾಗಿ ವಿಶೇಷ ಎಂ.ಎಡ್.ಗೆ ಸೇರಬಹುದೇ?

ಆಗುವುದಿಲ್ಲ. ಸಾಮಾನ್ಯವಾಗಿ ಎರಡು ಅರ್ಹತೆಗಳಲ್ಲಿ ಒಂದು ಬೇಕು: ಅದೇ ವಿಭಾಗದ ವಿಶೇಷ ಬಿ.ಎಡ್.ನಲ್ಲಿ ಶೇ. 50 ಅಂಕ, ಇಲ್ಲವೇ ಸಾಮಾನ್ಯ ಬಿ.ಎಡ್. ಜೊತೆಗೆ ಭಾರತೀಯ ಪುನರ್ವಸತಿ ಪರಿಷತ್ತು (ಎಲ್ಲರೂ ಆರ್‌ಸಿಐ ಎಂದೇ ಕರೆಯುವುದು) ಮಾನ್ಯ ಮಾಡಿದ ದೃಷ್ಟಿದೋಷ ವಿಭಾಗದ ಡಿಪ್ಲೊಮಾ, ಎರಡರಲ್ಲೂ ಶೇ. 50. ಮೀಸಲಾತಿ ವರ್ಗಗಳಿಗೆ ವಿಶ್ವವಿದ್ಯಾಲಯದ ನಿಯಮದಂತೆ ಸಡಿಲಿಕೆ ಇರುತ್ತದೆ.

ಆರ್‌ಸಿಐನ 2015ರ ಪಠ್ಯಕ್ರಮದ ಪ್ರಕಾರ ಬಿ.ಎಡ್. ಎರಡು ವರ್ಷ, ಎಂ.ಎಡ್. ಕೂಡ ಎರಡು ವರ್ಷ; ಎರಡರಲ್ಲೂ ನಾಲ್ಕು ನಾಲ್ಕು ಸೆಮಿಸ್ಟರ್. ಶಿಕ್ಷಕರ ಶಿಕ್ಷಣದ ನಿಯಮಗಳು ಈಚೆಗೆ ಪದೇ ಪದೇ ಬದಲಾಗುತ್ತಿವೆ. ಹಾಗಾಗಿ ಹಳೆಯ ಮಾಹಿತಿಪುಸ್ತಿಕೆ ನಂಬಬೇಡಿ, ನೀವು ಸೇರುವ ವರ್ಷದ್ದನ್ನೇ ನೋಡಿ.

ಸಾಮಾನ್ಯ ಎಂ.ಎಡ್. ಅಥವಾ ಶಿಕ್ಷಣಶಾಸ್ತ್ರದ ಎಂ.ಎ. ಮಾಡಿದರೆ ಸಾಲದೇ?

ವಿಶೇಷ ಶಿಕ್ಷಕರ ಹುದ್ದೆಗೆ ಸಾಲದು. ಸಂಶೋಧನೆಗೆ ಮಾತ್ರ ನೆರವಾಗುತ್ತದೆ.

ಎಲ್ಲಿ ಓದಬೇಕು? ಕಾಲೇಜು ಸಾಚಾ ಎಂದು ತಿಳಿಯುವುದು ಹೇಗೆ?

ದೇಶದಲ್ಲಿ ಈ ಕ್ಷೇತ್ರದ ಕೇಂದ್ರ ಸಂಸ್ಥೆ ಡೆಹ್ರಾಡೂನ್‌ನ ರಾಷ್ಟ್ರೀಯ ದೃಷ್ಟಿ ದಿವ್ಯಾಂಗಜನ ಸಬಲೀಕರಣ ಸಂಸ್ಥೆ. ಹಿಂದೆ ಇದಕ್ಕೆ ರಾಷ್ಟ್ರೀಯ ದೃಷ್ಟಿಹೀನರ ಸಂಸ್ಥೆ ಎಂಬ ಹೆಸರಿತ್ತು. ಕರ್ನಾಟಕದವರಿಗೆ ಹತ್ತಿರವಾಗುವುದು ಕೊಯಮತ್ತೂರು. ಅಲ್ಲಿ ರಾಮಕೃಷ್ಣ ಮಿಷನ್ ವಿವೇಕಾನಂದ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ವಿಶೇಷ ಶಿಕ್ಷಣ ವಿಭಾಗವಿದೆ.

ಹೆಸರು ಎಷ್ಟೇ ದೊಡ್ಡದಿರಲಿ, ನೀವೇ ಆರ್‌ಸಿಐ ಜಾಲತಾಣ ತೆರೆದು ಮಾನ್ಯತೆಯ ಪಟ್ಟಿ ನೋಡಬೇಕು. ಮಾನ್ಯತೆ ಸಿಗುವುದು ಕಾಲೇಜಿಗೆ ಇಡಿಯಾಗಿ ಅಲ್ಲ. ಒಂದೊಂದು ಕೋರ್ಸಿಗೆ, ಇಷ್ಟು ಸೀಟಿಗೆ, ಇಂಥ ವರ್ಷದಿಂದ ಇಂಥ ವರ್ಷದವರೆಗೆ ಎಂದು ಸಿಗುತ್ತದೆ. ಎಡವುವುದು ಇಲ್ಲೇ: ಕಾಲೇಜಿನ ಗೋಡೆಯ ಮೇಲೆ "ಆರ್‌ಸಿಐ ಮಾನ್ಯತೆ ಪಡೆದ" ಎಂಬ ಬೋರ್ಡು ಇರುತ್ತದೆ, ಆದರೆ ಅದು ಬೇರೆ ವಿಭಾಗಕ್ಕೆ ಸಿಕ್ಕಿದ್ದಾಗಿರುತ್ತದೆ, ಇಲ್ಲವೇ ಅವಧಿ ಮುಗಿದು ನವೀಕರಣ ಬಾಕಿ ಇರುತ್ತದೆ. ಮಾನ್ಯತೆ ಇಲ್ಲದ ಸಾಲಿನಲ್ಲಿ ಸೇರಿದವರಿಗೆ ವಿಶ್ವವಿದ್ಯಾಲಯ ಪದವಿ ಕೊಟ್ಟರೂ ವೃತ್ತಿಗೆ ಬೇಕಾದ ಆರ್‌ಸಿಐ ನೋಂದಣಿ ಸಂಖ್ಯೆ ಸಿಗುವುದು ಕಷ್ಟ. ಫೀಸು ಕಟ್ಟುವ ಮೊದಲೇ ಆ ವರ್ಷದ ಮಾನ್ಯತೆ ಪತ್ರದ ಪ್ರತಿ ಕೇಳಿ ಪಡೆಯಿರಿ.

ಆಮೇಲೆ ಒಂದು ದಿನ ಅಲ್ಲಿಗೇ ಹೋಗಿ ಬನ್ನಿ. ಬ್ರೈಲ್ ಟೈಪ್ ಮಾಡುವ ಬ್ರೈಲರ್ ಯಂತ್ರಗಳು ಎಷ್ಟಿವೆ, ಎಷ್ಟು ನಡೆಯುವ ಸ್ಥಿತಿಯಲ್ಲಿವೆ? ಅಭ್ಯಾಸಕ್ಕೆ ಅಂಧ ಮಕ್ಕಳ ಶಾಲೆ ಎಷ್ಟು ದೂರ? ಬೋಧಕರಲ್ಲಿ ಅಂಧರು ಯಾರಾದರೂ ಇದ್ದಾರೆಯೇ? ಬ್ರೈಲರ್‌ಗಳು ಬೀರುವಿನಲ್ಲಿ ಬೀಗದೊಳಗೆ ಇದ್ದರೆ ಅಲ್ಲಿ ಕಲಿಕೆ ಹೇಗಿರುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಹೊರರಾಜ್ಯದಲ್ಲಿ ಓದಿದರೆ ಕನ್ನಡದ ಗತಿ ಏನು?

ಬಹುತೇಕರು ಇದನ್ನು ಕೇಳುವುದು ಸೇರಿದ ಮೇಲೆ. ಮೊದಲೇ ಕೇಳಬೇಕಾದ ಪ್ರಶ್ನೆ ಇದು. ಕೊಯಮತ್ತೂರಿನ ಸುತ್ತಿನ ಶಾಲೆಗಳಲ್ಲಿ ಮಕ್ಕಳ ಮಾತು ತಮಿಳು, ಡೆಹ್ರಾಡೂನ್‌ನಲ್ಲಿ ಹಿಂದಿ. ತರಗತಿಯ ಪಾಠ ಇಂಗ್ಲಿಷಿನಲ್ಲಿ ನಡೆದರೂ ಬೋಧನಾಭ್ಯಾಸಕ್ಕೆ ಮಕ್ಕಳ ಮುಂದೆ ನಿಂತಾಗ ಕಷ್ಟ ಗೊತ್ತಾಗುತ್ತದೆ. ಇಂಟರ್ನ್‌ಶಿಪ್‌ನ ಒಂದು ಭಾಗವನ್ನಾದರೂ ಕರ್ನಾಟಕದ ಶಾಲೆಯಲ್ಲಿ ಮಾಡಲು ಅವಕಾಶ ಕೊಡುತ್ತಾರೆಯೇ ಎಂದು ಪ್ರವೇಶದ ಹೊತ್ತಿಗೇ ಲಿಖಿತವಾಗಿ ಕೇಳಿ. ಕನ್ನಡ ಬ್ರೈಲ್ ಅನ್ನು ಪಠ್ಯಕ್ರಮದ ಹೊರಗೆ ನೀವೇ ಕಲಿಯಬೇಕಾಗುತ್ತದೆ. ಭಾರತಿ ಬ್ರೈಲ್‌ನಲ್ಲಿ ನಮ್ಮ ಭಾಷೆಗಳೆಲ್ಲ ಒಂದೇ ಚುಕ್ಕಿ ವ್ಯವಸ್ಥೆ ಹಂಚಿಕೊಂಡಿರುವುದರಿಂದ ಹಿಂದಿಯಲ್ಲಿ ಕಲಿತ ಅಕ್ಷರಗಳು ಬಹುಪಾಲು ಕನ್ನಡಕ್ಕೂ ಒದಗುತ್ತವೆ. ಹ್ರಸ್ವ ಎ, ಒ ಮಾತ್ರ ಹೊಸದಾಗಿ ಸೇರಿಸಿಕೊಳ್ಳಬೇಕು.

ಬ್ರೈಲ್ ಎಷ್ಟು ಬರಬೇಕು?

ಪರೀಕ್ಷೆ ಪಾಸಾಗುವಷ್ಟು ಬಂದರೆ ಸಾಲದು. ಮಗುವಿನ ನೋಟ್‌ಬುಕ್ಕನ್ನು ನಿಲ್ಲದೆ ಓದಿ ಅಲ್ಲೇ ತಪ್ಪು ತೋರಿಸುವಷ್ಟು ಬರಬೇಕು. ಬ್ರೈಲ್ ತಡವರಿಸುವ ಶಿಕ್ಷಕರ ಕೈಯಲ್ಲಿ ಮಗು ಮೆಲ್ಲಗೆ ಆಡಿಯೊ ಕಡೆ ಜಾರುತ್ತದೆ. ಕೇಳಿ ಕಲಿತ ಮಗುವಿಗೆ ಪಾಠ ತಿಳಿಯುತ್ತದೆ, ಕಾಗುಣಿತ ತಿಳಿಯುವುದಿಲ್ಲ. ಅಲ್ಪಪ್ರಾಣ ಮಹಾಪ್ರಾಣ ಎಲ್ಲಿ, ಒತ್ತು ಎಲ್ಲಿ, ಹೊಸ ಪ್ಯಾರಾ ಎಲ್ಲಿ ಶುರುವಾಯಿತು ಎಂಬುದು ಬೆರಳಿನ ಮೂಲಕವೇ ಬರಬೇಕು.

ಆರು ಚುಕ್ಕಿಗಳ ಮನೆ: ಎಡಸಾಲಿನಲ್ಲಿ ಮೇಲಿಂದ ಕೆಳಕ್ಕೆ 1, 2, 3, ಬಲಸಾಲಿನಲ್ಲಿ 4, 5, 6. "ಅ" ಅಂದರೆ 1. "ಕ" ಅಂದರೆ 1-3. ಸ್ವರಚಿಹ್ನೆಗೆ ಬೇರೆ ರೂಪವಿಲ್ಲ. ವ್ಯಂಜನ ಬರೆದ ಮೇಲೆ ಸ್ವರವನ್ನೇ ಬರೆಯುತ್ತೇವೆ. "ಕಿ" ಬೇಕಾದರೆ 1-3, ಆಮೇಲೆ "ಇ"ಯ 2-4. ಒತ್ತಕ್ಷರದಲ್ಲಿ ಅರ್ಧಾಕ್ಷರದ ಗುರುತು, ಅಂದರೆ 4ನೇ ಚುಕ್ಕಿ, ಸ್ವರ ಕಳೆದುಕೊಳ್ಳುವ ವ್ಯಂಜನಕ್ಕಿಂತ ಮೊದಲು ಬರುತ್ತದೆ. ಹಾಗಾಗಿ "ಕನ್ನಡ" ಐದು ಮನೆ: 1-3, 4, 1-3-4-5, 1-3-4-5, 1-2-4-6. ಕಣ್ಣಿನಲ್ಲಿ ಓದಿ ಬೆಳೆದವರು "ನ" ಬರೆದ ಮೇಲೆ 4 ಇಡುತ್ತಾರೆ, ಏಕೆಂದರೆ ಅಚ್ಚಿನಲ್ಲಿ ಒತ್ತು ಕೊನೆಗೆ ಕಾಣುತ್ತದೆ. ಇದು ಮೊದಲ ತಿಂಗಳಲ್ಲೇ ತಿದ್ದಿಕೊಳ್ಳಬೇಕಾದ ಅಭ್ಯಾಸ. ಇನ್ನೊಂದು: ಅಂಕಿಗೆ ಮೊದಲು 3-4-5-6ರ ಅಂಕಿಸೂಚಕ ಮರೆತರೆ 1 ಎಂಬುದು "ಅ" ಆಗಿಬಿಡುತ್ತದೆ.

ಸ್ಲೇಟು (ಹಾಳೆ ಸಿಕ್ಕಿಸುವ ಕುಳಿಗಳ ಪಟ್ಟಿ) ಮತ್ತು ಮೊಳೆಕಡ್ಡಿಯಲ್ಲಿ (ಚುಕ್ಕಿ ಒತ್ತುವ ಕಡ್ಡಿ) ಬರೆಯುವುದು ಬಲದಿಂದ ಎಡಕ್ಕೆ, ಹಾಳೆ ತಿರುಗಿಸಿ ಓದುವುದು ಎಡದಿಂದ ಬಲಕ್ಕೆ. ಬರೆಯುವಾಗ 1ನೇ ಚುಕ್ಕಿ ಬಲಮೇಲೆ ಇರುತ್ತದೆ. "ಕನ್ನಡಿಬಿಂಬ ಬರೆಯಿರಿ" ಎಂದು ಹೇಳಿಕೊಟ್ಟರೆ ಕಲಿಯುವವರು ಗಲಿಬಿಲಿಗೊಳ್ಳುತ್ತಾರೆ. "ಮೊದಲ ಸಾಲು, ಎರಡನೇ ಸಾಲು" ಎಂದು ಬರೆಯುವ ದಿಕ್ಕಿನಲ್ಲೇ ಎಣಿಸಲು ಹೇಳಿ, ಗೊಂದಲ ಹೋಗುತ್ತದೆ. ಕಡ್ಡಿಯನ್ನು ನೆಟ್ಟಗೆ ಹಿಡಿದು ಒತ್ತಬೇಕು. ಓರೆಯಾಗಿ ಒತ್ತಿದರೆ ಹಾಳೆ ತೂತಾಗುತ್ತದೆ, ತೂತಾದ ಚುಕ್ಕಿ ಬೆರಳಿಗೆ ಸಿಗುವುದಿಲ್ಲ. ಸಾಮಾನ್ಯ ನೋಟ್‌ಬುಕ್ ಹಾಳೆಯಲ್ಲಿ ಎರಡು ಸಲ ಓದುವಷ್ಟರಲ್ಲಿ ಚುಕ್ಕಿ ಅಮರಿಹೋಗುತ್ತದೆ. 140 ಜಿಎಸ್ಎಂನ ಆಸುಪಾಸಿನ ದಪ್ಪ ಕಾಗದ ಬೇಕು.

ಪರ್ಕಿನ್ಸ್ ಬ್ರೈಲರ್‌ನಲ್ಲಿ ಈ ತಿರುವುಮುರುವು ಇಲ್ಲ. ಎಡಗೈಯ ತೋರು, ನಡು, ಉಂಗುರ ಬೆರಳುಗಳಿಗೆ 1, 2, 3. ಬಲಗೈಯ ಅದೇ ಬೆರಳುಗಳಿಗೆ 4, 5, 6. ಒಂದು ಅಕ್ಷರದ ಎಲ್ಲ ಕೀಲಿಗಳನ್ನೂ ಒಟ್ಟಿಗೆ ಒತ್ತಬೇಕು. ಹಿಂದೆಮುಂದೆಯಾದರೆ ಒಂದು ಅಕ್ಷರ ಎರಡು ಮನೆಯಾಗಿ ಒಡೆಯುತ್ತದೆ.

ಕಣ್ಣು ಕಾಣುವ ಶಿಕ್ಷಕರು ಬ್ರೈಲನ್ನು ಕಣ್ಣಿನಿಂದ ಓದಿದರೆ ತಪ್ಪಿಲ್ಲ. ಆದರೆ ಬೆರಳು ಹೇಗೆ ಸಾಗಬೇಕೆಂದು ಗೊತ್ತಿರಲೇಬೇಕು: ಎರಡೂ ಕೈ, ಹಗುರ ಸ್ಪರ್ಶ, ಎಡದಿಂದ ಬಲಕ್ಕೆ ಒಂದೇ ಓಟ. ಮಗು ಒಂದೇ ಅಕ್ಷರದ ಮೇಲೆ ಬೆರಳನ್ನು ಮೇಲೆ ಕೆಳಗೆ ಉಜ್ಜುತ್ತಿದ್ದರೆ ಆಗಲೇ ತಿದ್ದಿ. ಆ ರೂಢಿ ಗಟ್ಟಿಯಾದರೆ ಓದಿನ ವೇಗ ಏರುವುದೇ ಇಲ್ಲ.

ಗಣಿತ ಕಲಿಸುವುದು ಆಗುತ್ತದೆಯೇ? ಅಂಧ ಮಕ್ಕಳಿಗೆ ಗಣಿತದ ಬದಲು ಬೇರೆ ವಿಷಯ ಕೊಡುತ್ತಾರಲ್ಲ?

ಆಗುತ್ತದೆ, ಕಲಿಸಲೇಬೇಕು. ವಿನಾಯಿತಿ ಇದೆ ಎಂಬ ಕಾರಣಕ್ಕೆ ಗಣಿತ ಬಿಡಿಸಿದರೆ ಮುಂದೆ ವಾಣಿಜ್ಯ, ವಿಜ್ಞಾನ, ಕಂಪ್ಯೂಟರ್ ಎಲ್ಲದರ ಬಾಗಿಲೂ ಮುಚ್ಚುತ್ತದೆ. ಬಹಳ ಸಲ ಗಣಿತ ಬಿಡಿಸಲು ಕಾರಣ ಮಗುವಿನ ದೃಷ್ಟಿಯಲ್ಲ, ಶಿಕ್ಷಕರಿಗೆ ಉಪಕರಣ ಬಾರದಿರುವುದು.

ಮೂರು ಉಪಕರಣ ಕೈಗೆ ಒಗ್ಗಬೇಕು. ಟೇಲರ್ ಫ್ರೇಮ್ ಎಂಬ ಲೆಕ್ಕದ ಹಲಗೆ: ಎಂಟು ಮೂಲೆಯ ಕುಳಿಗಳಲ್ಲಿ ಅಚ್ಚುಮೊಳೆ ನೆಡುವುದು. ಒಂದೊಂದು ಮೊಳೆಯನ್ನೂ ಎಂಟು ದಿಕ್ಕಿಗೆ ತಿರುಗಿಸಬಹುದು, ಎರಡು ತುದಿಗಳ ಗುರುತು ಬೇರೆ ಬೇರೆ, ಹೀಗಾಗಿ 16 ಚಿಹ್ನೆ. ಅಬ್ಯಾಕಸ್: ಅಂಧರಿಗೆಂದೇ ಮಾಡಿದ್ದರಲ್ಲಿ 13 ಕಂಬಿ, ಪ್ರತಿ ಕಂಬಿಯಲ್ಲಿ ಮೇಲೊಂದು ಕೆಳಗೆ ನಾಲ್ಕು ಮಣಿ, ಮಣಿ ಜಾರದಂತೆ ಹಿಂದೆ ಮೆತ್ತನೆಯ ಬಟ್ಟೆ. ಅಂಗಡಿಯ ಮಾಮೂಲಿ ಅಬ್ಯಾಕಸ್‌ನಲ್ಲಿ ಬೆರಳಾಡಿಸಿದರೆ ಮಣಿ ಸರಿದು ಲೆಕ್ಕವೇ ಕೆಡುತ್ತದೆ. ಮೂರನೆಯದು ರೇಖಾಗಣಿತದ ಕಿಟ್. ಅದರ ಹಲ್ಲುಗಾಲಿಯನ್ನು ಹಾಳೆಯ ಹಿಂಬದಿಯಲ್ಲಿ ಓಡಿಸಿದರೆ ಮುಂದೆ ಉಬ್ಬುಗೆರೆ ಮೂಡುತ್ತದೆ.

ಚಿತ್ರಗಳನ್ನು ಮನೆಯ ಸಾಮಾನಿನಲ್ಲೇ ಮಾಡಬಹುದು: ಫೆವಿಕಾಲ್, ದಪ್ಪ ದಾರ, ಉಪ್ಪುಕಾಗದ, ರವೆ. ಪಠ್ಯಪುಸ್ತಕದ ಚಿತ್ರವನ್ನು ಇದ್ದ ಹಾಗೇ ಉಬ್ಬಿಸಬೇಡಿ. ಹೃದಯದ ಚಿತ್ರವಾದರೆ ಒಂದು ಹಾಳೆಯಲ್ಲಿ ನಾಲ್ಕು ಕೋಣೆ, ಇನ್ನೊಂದರಲ್ಲಿ ರಕ್ತನಾಳ. ಗೆರೆಗಳ ನಡುವೆ ಕನಿಷ್ಠ 3 ಮಿಲಿಮೀಟರ್ ಬಿಡಿ, ಇಲ್ಲದಿದ್ದರೆ ಬೆರಳಿಗೆ ಎರಡು ಗೆರೆ ಒಂದಾಗಿ ತೋರುತ್ತದೆ.

ಬಿಳಿಕೋಲಿನ ತರಬೇತಿ ಕೋರ್ಸಿನಲ್ಲೇ ಇರುತ್ತದೆಯೇ?

ಚಲನವಲನ ತರಬೇತಿ ಐಚ್ಛಿಕ ವಿಷಯವಾಗಿಯೂ ಇರುತ್ತದೆ. ಆಯ್ಕೆ ಇದ್ದರೆ ಅದನ್ನೇ ಆರಿಸಿ. ಕೋಲಿನ ಉದ್ದ ಹೆಚ್ಚುಕಡಿಮೆ ಎದೆಮೂಳೆಯವರೆಗೆ. ಬಲಗಾಲು ಮುಂದಿಟ್ಟಾಗ ತುದಿ ಎಡಕ್ಕೆ ತಾಗಬೇಕು, ಎಡಗಾಲಿಗೆ ಬಲಕ್ಕೆ. ಬೀಸು ಭುಜಕ್ಕಿಂತ ತುಸು ಅಗಲ. ಕೈಹಿಡಿದು ನಡೆಸುವಾಗಲೂ ಕ್ರಮವಿದೆ. ಅಂಧರನ್ನು ಮುಂದೆ ತಳ್ಳುವುದು, ರಟ್ಟೆ ಹಿಡಿದು ಎಳೆಯುವುದು ಬೇಡ. ಅವರೇ ನಿಮ್ಮ ಮೊಣಕೈಯ ಮೇಲ್ಭಾಗ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನೀವು ಬಸ್ ನಿಲ್ದಾಣದವರೆಗೆ ಹೋಗಿ ಬರುವ ಅಭ್ಯಾಸ ಇಲ್ಲದ ಕೋರ್ಸಾದರೆ ಕೇಳಿ ಮಾಡಿಸಿಕೊಳ್ಳಿ. ನಮ್ಮ ಊರುಗಳ ತೆರೆದ ಚರಂಡಿ, ಪಾದಚಾರಿ ಹಾದಿಯ ಮೇಲೆ ನಿಂತ ಬೈಕುಗಳನ್ನು ತರಗತಿಯ ಕೋಣೆಯಲ್ಲಿ ಕಲಿಯಲಾಗದು.

ಸ್ವಲ್ಪ ಕಾಣುವ ಮಕ್ಕಳ ವಿಷಯ?

ಶಾಲೆಗಳಲ್ಲಿ ನಿಮಗೆ ಸಿಗುವ ಮಕ್ಕಳಲ್ಲಿ ಅನೇಕರಿಗೆ ಒಂದಿಷ್ಟು ದೃಷ್ಟಿ ಇರುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ, ಕನ್ನಡಕ ಹಾಕಿದ ಮೇಲೂ ಉತ್ತಮ ಕಣ್ಣಿನ ದೃಷ್ಟಿ 3/60ಕ್ಕಿಂತ (ಬೇರೆಯವರಿಗೆ 60 ಮೀಟರಿನಿಂದ ಕಾಣುವುದು 3 ಮೀಟರಿಗೆ ಬಂದರಷ್ಟೇ ಕಾಣುವುದು) ಕಡಿಮೆ ಇದ್ದರೆ ಅಥವಾ ದೃಷ್ಟಿಕ್ಷೇತ್ರ 10 ಡಿಗ್ರಿಗಿಂತ ಕಿರಿದಾಗಿದ್ದರೆ ಅಂಧತ್ವ. 6/18ರಿಂದ 3/60ರವರೆಗೆ, ಅಥವಾ ಕ್ಷೇತ್ರ 40ರಿಂದ 10 ಡಿಗ್ರಿಯವರೆಗೆ ಇದ್ದರೆ ಮಂದದೃಷ್ಟಿ.

ಈ ಸಂಖ್ಯೆಗಳು ಪ್ರಮಾಣಪತ್ರಕ್ಕೆ ಸಾಕು, ಪಾಠಕ್ಕೆ ಸಾಲವು. ರೆಟಿನೈಟಿಸ್ ಪಿಗ್ಮೆಂಟೋಸಾ ಇರುವ ಮಗುವನ್ನು ನೋಡಿ: ನಡುದೃಷ್ಟಿ ಉಳಿದಿರುವುದರಿಂದ ಪುಸ್ತಕದ ಸಣ್ಣಕ್ಷರ ಓದುತ್ತದೆ, ಆದರೆ ಬದಿಯ ದೃಷ್ಟಿ ಹೋಗಿರುವುದರಿಂದ ಬೆಂಚಿಗೆ ಎಡವುತ್ತದೆ, ಸಂಜೆಯಾದರೆ ಮೆಟ್ಟಿಲು ಕಾಣದು. "ಓದೋಕೆ ಕಣ್ಣು ಕಾಣ್ಸತ್ತೆ, ನಡಿಯೋಕೆ ಕಾಣ್ಸಲ್ವಾ" ಎಂದು ಅದು ಬೈಗುಳ ತಿನ್ನುತ್ತದೆ. ಸೋದರ ಸಂಬಂಧದ ಮದುವೆಗಳಿರುವ ಕುಟುಂಬಗಳಲ್ಲಿ ಈ ಕಾಯಿಲೆಯ ಸಾಧ್ಯತೆ ಹೆಚ್ಚು, ಹಾಗಾಗಿ ನಮ್ಮ ಕಡೆಯ ಶಿಕ್ಷಕರಿಗೆ ಇದು ಗೊತ್ತಿರಬೇಕು. ಈ ಮಗುವಿಗೆ ಅಕ್ಷರ ದೊಡ್ಡದು ಮಾಡಿಕೊಟ್ಟರೆ ಉಪಕಾರವಾಗುವುದಿಲ್ಲ. ಕಿರಿದಾದ ಕ್ಷೇತ್ರದಲ್ಲಿ ಹಿಡಿಸುವ ಅಕ್ಷರಗಳೇ ಕಡಿಮೆಯಾಗುತ್ತವೆ. ಆಲ್ಬಿನಿಸಂ (ಹುಟ್ಟಿನಿಂದ ಚರ್ಮ, ಕೂದಲು, ಕಣ್ಣಿಗೆ ಬಣ್ಣ ಕಡಿಮೆ, ಬೆಳಕು ತಡೆಯದು) ಇರುವ ಮಗುವಿಗೆ ಇನ್ನೊಂದು ಥರ: ಕಿಟಕಿಗೆ ಬೆನ್ನು ಮಾಡಿ ಕೂರಿಸಬೇಕು, ಟೋಪಿ ಹಾಕಲು ಬಿಡಬೇಕು. ಒಬ್ಬೊಬ್ಬರ ದೃಷ್ಟಿ ಯಾವ ಬೆಳಕಿನಲ್ಲಿ, ಎಷ್ಟು ದೂರದಲ್ಲಿ, ಯಾವ ಬಣ್ಣದ ಮೇಲೆ ಕೆಲಸ ಮಾಡುತ್ತದೆ ಎಂದು ನೋಡಿ ಬರೆದಿಡುವುದೇ ಕ್ರಿಯಾತ್ಮಕ ದೃಷ್ಟಿ ಪರಿಶೀಲನೆ. ಎಂ.ಎಡ್.ನಲ್ಲಿ ಇದಕ್ಕೆ ಕೊಟ್ಟ ಸಮಯ ಎಂದೂ ವ್ಯರ್ಥವಲ್ಲ.

ಕಂಪ್ಯೂಟರ್ ಎಷ್ಟು ಬೇಕು?

ಪರದೆಯ ಮೇಲಿನದನ್ನು ಓದಿಹೇಳುವ, ಉಚಿತವಾಗಿ ಸಿಗುವ ಎನ್‌ವಿಡಿಎ ಪರದೆವಾಚಕವನ್ನು ಮಾನಿಟರ್ ಆಫ್ ಮಾಡಿ, ಮೌಸ್ ಮುಟ್ಟದೆ ಬಳಸಲು ಬರಬೇಕು. ಮೊಬೈಲಿನಲ್ಲಿ ಅದೇ ಕೆಲಸ ಮಾಡುವ ಟಾಕ್‌ಬ್ಯಾಕ್ ಬರಬೇಕು.

ಕನ್ನಡಕ್ಕೆ ಮಾತ್ರ ಒಂದು ವಿಶೇಷ ತೊಡಕಿದೆ. ನುಡಿ, ಬರಹದ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪಾದ ಕಡತ ನಮ್ಮ ಕಣ್ಣಿಗೆ ಕನ್ನಡವಾಗಿ ಕಾಣುತ್ತದೆ, ಪರದೆವಾಚಕಕ್ಕೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಬ್ರೈಲ್‌ಗೆ ಪರಿವರ್ತಿಸಿದರೂ ಅದೇ ಕಸ ಅಚ್ಚಾಗುತ್ತದೆ. ಮೊದಲು ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ ಮತ್ತು ಅರ್ಕಾವತ್ತು ಸರಿ ಬಂದಿವೆಯೇ ಎಂದು ಓದಿ ತಿದ್ದಿ, ಆಮೇಲೆ ಮಕ್ಕಳಿಗೆ ಕೊಡಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಕೂಡ ಬರೀ ಚಿತ್ರ. ಅಕ್ಷರ ಗುರುತಿಸುವ ತಂತ್ರಾಂಶದಲ್ಲಿ ಹಾಯಿಸದೆ ಓದಿಸಲಾಗದು. ಪುಸ್ತಕಗಳಿಗೆ 2016ರಲ್ಲಿ ಶುರುವಾದ ಆನ್‌ಲೈನ್ ಗ್ರಂಥಾಲಯ ಸುಗಮ್ಯ ಪುಸ್ತಕಾಲಯದ ಸದಸ್ಯತ್ವ ಮಕ್ಕಳಿಗೆ ಮಾಡಿಸಿಕೊಡಿ.

ಎಂ.ಎಡ್. ಪ್ರಬಂಧಕ್ಕೆ ಎಂಥ ವಿಷಯ ಆರಿಸಬೇಕು?

"ಅಂಧ ಮಕ್ಕಳ ಬಗೆಗಿನ ಶಿಕ್ಷಕರ ಮನೋಭಾವ" ಎಂಬ ಪ್ರಶ್ನಾವಳಿ ಪ್ರಬಂಧಗಳು ಸಾಕಷ್ಟು ಬಂದಿವೆ. ಕನ್ನಡ ಬ್ರೈಲ್‌ನಲ್ಲಿ ಮಕ್ಕಳು ಒತ್ತಕ್ಷರದಲ್ಲಿ ಎಲ್ಲಿ ತಪ್ಪುತ್ತಾರೆ, ಓದಿನ ವೇಗ ತರಗತಿಯಿಂದ ತರಗತಿಗೆ ಹೇಗೆ ಏರುತ್ತದೆ, ಸ್ಪರ್ಶಚಿತ್ರದಿಂದ ಭೂಪಟ ಎಷ್ಟು ತಿಳಿಯುತ್ತದೆ, ಇಂಥವು ತರಗತಿಗೆ ವಾಪಸು ಬರುವ ವಿಷಯಗಳು.

ಮಕ್ಕಳ ಸಂಖ್ಯೆ ಕಡಿಮೆ ಇರುತ್ತದೆ, ಅದನ್ನು ಒಪ್ಪಿಕೊಂಡೇ ವಿನ್ಯಾಸ ಮಾಡಿ. ಎಂಟು ಮಕ್ಕಳನ್ನು ನಾಲ್ಕು ನಾಲ್ಕಾಗಿ ಒಡೆದು ಸರಾಸರಿ ಹೋಲಿಸಿದರೆ ಏನೂ ಸಾಬೀತಾಗದು. ಒಬ್ಬರಿಗೆ ಹುಟ್ಟಿನಿಂದ ಕಾಣದು, ಇನ್ನೊಬ್ಬರಿಗೆ ಏಳನೇ ವಯಸ್ಸಿಗೆ ಹೋಗಿದೆ. ಅದರ ಬದಲು ಒಂದೊಂದು ಮಗುವನ್ನೂ ಹಲವು ವಾರ ಅಳೆಯುವ ಏಕವ್ಯಕ್ತಿ ವಿನ್ಯಾಸ ಒಗ್ಗುತ್ತದೆ. ಒಪ್ಪಿಗೆಪತ್ರವನ್ನು ಬ್ರೈಲ್‌ನಲ್ಲಿ ಕೊಡಿ ಅಥವಾ ಪೂರ್ತಿ ಓದಿಹೇಳಿ. ಪೋಷಕರ ಸಹಿಯಷ್ಟೇ ಮಗುವಿನ ಒಪ್ಪಿಗೆಯೂ ಮುಖ್ಯ. ಹಾಸ್ಟೆಲ್ ಮಕ್ಕಳ ಪೋಷಕರು ದೂರದ ಹಳ್ಳಿಗಳಲ್ಲಿರುತ್ತಾರೆ, ಸಹಿ ತರಿಸಲು ವಾರಗಳೇ ಹಿಡಿಯುತ್ತವೆ. ಆ ಕೆಲಸ ಮೂರನೇ ಸೆಮಿಸ್ಟರಿನಲ್ಲೇ ಶುರುಮಾಡಿ.

ನನಗೇ ಕಣ್ಣು ಕಾಣಿಸುವುದಿಲ್ಲ. ಸೇರಬಹುದೇ?

ಖಂಡಿತ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 40 ಅಥವಾ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೆ ಕನಿಷ್ಠ ಶೇ. 5 ಸೀಟು, ಗರಿಷ್ಠ ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ 2016ರ ಕಾಯ್ದೆಯಲ್ಲೇ ಇದೆ. ಪರೀಕ್ಷೆಗೆ ಲಿಪಿಕಾರರು (ನೀವು ಹೇಳಿದ್ದನ್ನು ಬರೆಯುವವರು), ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಸಿಗಬೇಕು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮೊದಲೇ ಮಾಡಿಸಿಟ್ಟುಕೊಳ್ಳಿ. ಲಿಪಿಕಾರರ ಅರ್ಜಿಯನ್ನು ಪರೀಕ್ಷೆಯ ವಾರ ಕೊಡಬೇಡಿ, ಶುಲ್ಕ ಕಟ್ಟುವ ದಿನವೇ ಕೊಟ್ಟು ಸ್ವೀಕೃತಿ ಪಡೆಯಿರಿ.

ಪದವಿ ಮುಗಿದ ಮೇಲೆ ನೋಂದಣಿ ಕಡ್ಡಾಯವೇ?

ಕಡ್ಡಾಯ. 1992ರ ಆರ್‌ಸಿಐ ಕಾಯ್ದೆಯ ಪ್ರಕಾರ ಕೇಂದ್ರ ಪುನರ್ವಸತಿ ನೋಂದಣಿಪುಸ್ತಕದಲ್ಲಿ ಹೆಸರಿಲ್ಲದೆ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ. ಅರ್ಜಿ ಆನ್‌ಲೈನ್‌ನಲ್ಲೇ. ಆಧಾರ್, ಹತ್ತನೇ ತರಗತಿ ಅಂಕಪಟ್ಟಿ, ಪದವಿಪತ್ರ ಮೂರರಲ್ಲೂ ಹೆಸರು ಒಂದೇ ರೀತಿ ಇರಲಿ. ಇನಿಷಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ ಇದ್ದು ಅರ್ಜಿ ವಾಪಸಾಗುವುದು ನಮ್ಮಲ್ಲಿ ಸಾಮಾನ್ಯ. ಪುನಶ್ಚೇತನ ಕಾರ್ಯಕ್ರಮಗಳ ಅಂಕ ಸೇರಿಸಿಕೊಂಡು ಕಾಲಕಾಲಕ್ಕೆ ನವೀಕರಿಸಬೇಕು.

ಕೆಲಸ ಎಲ್ಲಿ ಸಿಗುತ್ತದೆ?

ಅಂಧ ಮಕ್ಕಳ ವಸತಿಶಾಲೆಗಳು, ಕೇಂದ್ರೀಯ ವಿದ್ಯಾಲಯಗಳು, ವಿಶೇಷ ಶಿಕ್ಷಕರನ್ನು ನೇಮಿಸಿಕೊಳ್ಳಬೇಕಾದ ಸಿಬಿಎಸ್ಇ ಶಾಲೆಗಳು, ಸ್ವಯಂಸೇವಾ ಸಂಸ್ಥೆಗಳು. ಕರ್ನಾಟಕದಲ್ಲಿ ಸಮಗ್ರ ಶಿಕ್ಷಣದ ಅಡಿ ಬಿಆರ್‌ಸಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ಮಟ್ಟದಲ್ಲಿ ಬಿಐಇಆರ್‌ಟಿ (ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರ) ಹುದ್ದೆಗಳಿವೆ. ಅಲ್ಲಿ ಒಬ್ಬ ಶಿಕ್ಷಕರು ತಾಲ್ಲೂಕಿನ ಶಾಲೆಗಳನ್ನೆಲ್ಲ ಸುತ್ತಿ, ಎಲ್ಲ ಬಗೆಯ ಅಂಗವೈಕಲ್ಯದ ಮಕ್ಕಳನ್ನೂ ನೋಡಬೇಕು, ಮನೆಯಲ್ಲೇ ಇರುವ ಮಕ್ಕಳ ಬಳಿಗೂ ಹೋಗಬೇಕು. ಬ್ರೈಲ್ ಕಲಿಯುವ ಮಗುವಿಗೆ ದಿನಾ ಬೇಕಾದ ಪಾಠ ಈ ಸುತ್ತಾಟದಲ್ಲಿ ಸಿಗುವುದಿಲ್ಲ. ಇದು ವ್ಯವಸ್ಥೆಯ ದೊಡ್ಡ ಕೊರತೆ. ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಪ್ರಾಥಮಿಕ ಹಂತದಲ್ಲಿ 10 ವಿಶೇಷ ಮಕ್ಕಳಿಗೆ ಒಬ್ಬರು, ಮೇಲಿನ ಹಂತದಲ್ಲಿ 15ಕ್ಕೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕೆಂದು ಹೇಳಿದೆ. ಹುದ್ದೆಗಳು ಅಷ್ಟು ಭರ್ತಿಯಾಗುವವರೆಗೆ ಬೇಡಿಕೆ ಇದ್ದೇ ಇರುತ್ತದೆ, ಆದರೆ ಗುತ್ತಿಗೆ ನೇಮಕವೇ ಹೆಚ್ಚು ಎಂಬುದನ್ನು ತಿಳಿದೇ ಬನ್ನಿ.

ಕಾಲೇಜು ಬೋಧಕರಾಗಲು ಎಂ.ಎಡ್. ಜೊತೆ ಯುಜಿಸಿಯ ನೆಟ್ ಪರೀಕ್ಷೆ ಅಥವಾ ಪಿಎಚ್.ಡಿ. ನೋಡುತ್ತಾರೆ. ನೆಟ್‌ಗೆ ಆರಿಸಬೇಕಾದ ವಿಷಯ ಶಿಕ್ಷಣಶಾಸ್ತ್ರ.

ವಿದೇಶದಲ್ಲಿ ಓದಿದರೆ?

ಬ್ರಿಟನ್‌ನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲೂ ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳಲ್ಲೂ ಒಳ್ಳೆಯ ಕೋರ್ಸುಗಳಿವೆ. ಅಮೆರಿಕದಲ್ಲಿ ಕಲಿಸಲು ಆಯಾ ರಾಜ್ಯದ ಪರವಾನಗಿ ಬೇಕು, ಚಲನವಲನ ತರಬೇತುದಾರರಿಗೆ ಪ್ರತ್ಯೇಕ ಪ್ರಮಾಣೀಕರಣವಿದೆ. ಅಲ್ಲಿ ಕಲಿಯುವುದು ಇಂಗ್ಲಿಷ್ ಬ್ರೈಲ್, ಸಂಕ್ಷೇಪಗಳ ಸಮೇತ. ವಾಪಸು ಬಂದು ಇಲ್ಲಿ ಕಲಿಸುವ ಯೋಚನೆ ಇದ್ದರೆ ಆ ಪದವಿಗೆ ಆರ್‌ಸಿಐ ನೋಂದಣಿ ಸಿಗುತ್ತದೆಯೇ ಎಂದು ಹೊರಡುವ ಮೊದಲೇ ಪತ್ರ ಬರೆದು ಕೇಳಿ.

ಪ್ರವೇಶಕ್ಕೆ ಇನ್ನೂ ನಾಲ್ಕೈದು ತಿಂಗಳಿದೆ. ಈಗಲೇ ಏನು ಮಾಡಬಹುದು?

ಸ್ಲೇಟು, ಮೊಳೆಕಡ್ಡಿ, ದಪ್ಪ ಕಾಗದ ತಂದು ದಿನಕ್ಕೆ ಅರ್ಧ ಗಂಟೆ ಕನ್ನಡ ಬ್ರೈಲ್ ಬರೆಯಿರಿ: ಮೊದಲು ಸ್ವರಗಳು, ಆಮೇಲೆ ಕ-ವರ್ಗದಿಂದ ಒಂದೊಂದು ವರ್ಗ, ಕಾಗುಣಿತ, ಕೊನೆಗೆ ಒತ್ತಕ್ಷರ. ಕಂಪ್ಯೂಟರಿಗೆ ಎನ್‌ವಿಡಿಎ ಹಾಕಿಕೊಂಡು ಪರದೆ ಆಫ್ ಮಾಡಿ ಒಂದು ಪತ್ರ ಟೈಪ್ ಮಾಡಿ ನೋಡಿ. ಹತ್ತಿರದ ಅಂಧ ಮಕ್ಕಳ ಶಾಲೆಯಲ್ಲಿ, ಇಲ್ಲವೇ ಕಾಲೇಜು ಓದುವ ಅಂಧ ವಿದ್ಯಾರ್ಥಿಗಳಿಗೆ, ಪುಸ್ತಕ ಓದಿಹೇಳಲು ಅಥವಾ ಪರೀಕ್ಷೆಗೆ ಲಿಪಿಕಾರರಾಗಲು ಹೆಸರು ಕೊಡಿ. ಪರೀಕ್ಷೆಯ ಮೂರು ಗಂಟೆ ಪಕ್ಕದಲ್ಲಿ ಕೂತು ಅವರು ಹೇಳಿದ್ದನ್ನು ಒಂದಕ್ಷರ ಕೂಡಿಸದೆ, ಬಿಡದೆ ಬರೆದರೆ, ಚಿತ್ರ ಕೇಳುವ ಪ್ರಶ್ನೆ ಬಂದಾಗ ಏನಾಗುತ್ತದೆ, ಪ್ರಶ್ನೆಪತ್ರಿಕೆಯ ಯಾವ ವಾಕ್ಯ ಓದಿದಾಗ ಅರ್ಥವಾಗುವುದಿಲ್ಲ ಎಂಬುದು ಕೋರ್ಸಿಗೆ ಮೊದಲೇ ತಿಳಿದಿರುತ್ತದೆ.